ಸ್ವಂತ ಜಾಲತಾಣಕ್ಕೆ ಪ್ರಮಾಣಪತ್ರ ಕೊಡುವವರು ಯಾರು?

ಚಲನಚಿತ್ರ ಮಂದಿರದಲ್ಲಿ ದೀಪಗಳು ಆರಿದ ಕೂಡಲೇ ತೆರೆಯ ಮೇಲೆ ಮೊದಲು ಮೂಡುವುದು ಕಥಾನಾಯಕನ ಮುಖವಲ್ಲ, ಒಂದು ಪ್ರಮಾಣಪತ್ರ. ಅದರಲ್ಲಿ 'ಯು' ಎಂದಿದ್ದರೆ ಎಲ್ಲರೂ ನೋಡಬಹುದು, 'ಎ' ಎಂದಿದ್ದರೆ ವಯಸ್ಕರು ಮಾತ್ರ. ಇದು 1952ರ ಚಲನಚಿತ್ರ ಕಾಯಿದೆಯ ಪ್ರಕಾರ ನಡೆದು ಬಂದಿರುವ ಏರ್ಪಾಡು. 1983ರಲ್ಲಿ ಇವೆರಡರ ನಡುವೆ 'ಯುಎ' ಸೇರಿತು. 2023ರ ತಿದ್ದುಪಡಿಯ ನಂತರ ಅದು 7+, 13+, 16+ ಎಂದು ಮೂರಾಗಿ ಒಡೆಯಿತು. ಇಲ್ಲಿ ಚಿತ್ರವನ್ನು ನೋಡಿ ತೀರ್ಮಾನಿಸಲು ಒಂದು ಮಂಡಳಿ ಇದೆ. ತೀರ್ಮಾನವನ್ನು ಜಾರಿಗೆ ತರಲು, ಕನಿಷ್ಠ ತತ್ತ್ವದಲ್ಲಾದರೂ, ಬಾಗಿಲಲ್ಲಿ ಟಿಕೆಟ್ ಹರಿಯುವವನೊಬ್ಬ ನಿಂತಿರುತ್ತಾನೆ.

ಒಬ್ಬ ವ್ಯಕ್ತಿ ತಾನೇ ನಡೆಸುವ ಜಾಲತಾಣಕ್ಕೆ ಇವೆರಡೂ ಇಲ್ಲ. ಬರೆಯುವವನೂ ಅವನೇ, ಪ್ರಕಾಶಕನೂ ಅವನೇ, ಮಂಡಳಿಯೂ ಅವನೇ. ಬಾಗಿಲಂತೂ ಹಗಲು ರಾತ್ರಿ ತೆರೆದೇ ಇರುತ್ತದೆ. ಹಾಗಾದರೆ ಅಂಥ ತಾಣದ ಮೇಲೆ ವಯಸ್ಸಿನ ಗುರುತನ್ನೋ ಎಚ್ಚರಿಕೆಯ ಮಾತನ್ನೋ ಹಾಕುವುದಕ್ಕೆ ಏನು ಅರ್ಥ? ಅದನ್ನು ಯಾವ ಅಳತೆಗೋಲಿನಿಂದ ನಿರ್ಧರಿಸಬೇಕು?

ಈ ಪ್ರಶ್ನೆ ನನ್ನ ತಲೆಯನ್ನು ಹೊಕ್ಕಿದ್ದು ಒಂದು ದೂರವಾಣಿ ಕರೆಯಿಂದ. ಪದವಿ ತರಗತಿಗಳಿಗೆಂದು ಬರೆದ ಟಿಪ್ಪಣಿಗಳನ್ನೂ ಗಣಕದಲ್ಲಿ ಮಾಡಿ ತೋರಿಸಬಹುದಾದ ಕೆಲವು ಪ್ರಯೋಗಗಳನ್ನೂ ನನ್ನದೇ ಆದ ಒಂದು ಪುಟ್ಟ ಜಾಲತಾಣದಲ್ಲಿ ಹಾಕಿಟ್ಟಿದ್ದೇನೆ. ಅವುಗಳಲ್ಲಿ ಒಂದು ಸ್ಟ್ರೋಬೋಸ್ಕೋಪಿನ ಪ್ರದರ್ಶನ. ತಿರುಗುವ ಚಕ್ರದ ಮೇಲೆ ಅದೇ ಆವೃತ್ತಿಯಲ್ಲಿ ಬೆಳಕು ಮಿನುಗಿದರೆ ಚಕ್ರ ನಿಂತಂತೆ ಕಾಣುತ್ತದೆ ಎಂಬುದು ನಿಮಗೆ ತಿಳಿದದ್ದೇ. ನನ್ನ ಪುಟದಲ್ಲಿ ಇಡೀ ತೆರೆ ಒಮ್ಮೆ ಬಿಳಿ, ಒಮ್ಮೆ ಕಪ್ಪು ಆಗುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಈಗ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾರೆ. ಒಂದು ಸಂಜೆ ಅವರು ಕರೆ ಮಾಡಿದರು.

"ಸರ್, ನಿಮ್ಮ ಸ್ಟ್ರೋಬ್ ಪುಟವನ್ನು ಇವತ್ತು ಪ್ರೊಜೆಕ್ಟರಿನಲ್ಲಿ ಹಾಕಿದ್ದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ ಫಿಟ್ಸ್ ಬಂತು."

"ಈಗ ಹೇಗಿದ್ದಾಳಮ್ಮಾ?"

"ಎರಡು ನಿಮಿಷದಲ್ಲಿ ಸರಿಹೋದಳು ಸರ್. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಾರೆ. ಇದಕ್ಕೆ ಮುಂಚೆ ಒಂದು ಸಲವೂ ಬಂದಿರಲಿಲ್ಲವಂತೆ." ಸ್ವಲ್ಪ ತಡೆದು ಮತ್ತೆ ಹೇಳಿದರು. "ಪುಟದ ಮೇಲೆ ಒಂದು ಸಾಲು ಬರೆದಿದ್ದರೆ ಚೆನ್ನಾಗಿತ್ತು ಸರ್."

ಯಾರೋ ಆ ಹುಡುಗಿಯ ಕೈಗೆ ಬೀಗದಕೈ ಗೊಂಚಲನ್ನು ತುರುಕಿದರಂತೆ. ಕಬ್ಬಿಣದಿಂದ ಮೂರ್ಛೆ ಇಳಿಯುವುದಿಲ್ಲ. ತಲೆಗೆ ಪೆಟ್ಟಾಗದಂತೆ ನೋಡಿಕೊಂಡು ಮಗುವನ್ನು ಪಕ್ಕಕ್ಕೆ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು. ಇದನ್ನು ನಾವು ಉಪಾಧ್ಯಾಯರು ಇನ್ನೂ ಎಷ್ಟು ವರ್ಷ ಹೇಳುತ್ತಿರಬೇಕೋ!

ನನ್ನನ್ನು ಕಾಡಿದ ವಿಷಯ ಬೇರೆ. ಯಾವ ಮಂಡಳಿಯ ಮುಂದೆ ಇಟ್ಟಿದ್ದರೂ ನನ್ನ ಆ ಪುಟಕ್ಕೆ ಕಣ್ಣು ಮುಚ್ಚಿ 'ಯು' ಪ್ರಮಾಣಪತ್ರ ಸಿಗುತ್ತಿತ್ತು. ಅದರಲ್ಲಿ ಬೈಗುಳವಿಲ್ಲ, ರಕ್ತವಿಲ್ಲ, ಅಶ್ಲೀಲವಿಲ್ಲ. ಇದ್ದದ್ದು ಒಂದು ಚಕ್ರ ಮತ್ತು ಬೆಳಕು. ಆದರೂ ಅದು ಒಂದು ಮಗುವಿಗೆ ಕೆಡುಕು ಮಾಡಿತು. ಎಂದ ಮೇಲೆ ಪುಟಕ್ಕೆ ಗುರುತು ಹಚ್ಚುವ ವಿದ್ಯೆ ಎಲ್ಲಿಯವರೆಗೆ ಬಂದಿದೆ ಎಂದು ಹುಡುಕಲು ತೊಡಗಿದೆ.

1996ರ ಒಂದು ಜಾಣ ಯೋಜನೆ

ಅಮೆರಿಕದಲ್ಲಿ 1996ರ ಫೆಬ್ರವರಿ 8ರಂದು ಸಂಪರ್ಕ ಸಭ್ಯತಾ ಕಾಯಿದೆ ಜಾರಿಗೆ ಬಂತು. ಅಂತರಜಾಲದಲ್ಲಿ ಮಕ್ಕಳಿಗೆ ಕಾಣುವಂತೆ ಅಸಭ್ಯ ಸಾಮಗ್ರಿಯನ್ನು ಇಡುವುದು ಅಪರಾಧ ಎಂದು ಅದು ಸಾರಿತು. ಯಾವುದು ಅಸಭ್ಯ ಎಂಬುದರ ವಿವರಣೆ ತೀರ ಸಡಿಲವಾಗಿತ್ತು. ಮರುವರ್ಷ, 1997ರ ಜೂನ್ 26ರಂದು, ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ವಿಧಿಗಳನ್ನು ರದ್ದು ಮಾಡಿತು. ಈ ಜಗ್ಗಾಟದ ನಡುವೆಯೇ ಗಣಕ ವಿಜ್ಞಾನಿಗಳು ಬೇರೊಂದು ದಾರಿಯನ್ನು ಯೋಚಿಸುತ್ತಿದ್ದರು. ಸರಕಾರ ತಡೆಯುವುದು ಬೇಡ. ಪ್ರತಿ ಪುಟಕ್ಕೂ ಒಂದು ಚೀಟಿ ಅಂಟಿಸೋಣ, ಯಾವ ಚೀಟಿಯ ಪುಟ ತಮ್ಮ ಮನೆಗೆ ಬರಬಹುದು ಎಂಬುದನ್ನು ತಂದೆತಾಯಿಗಳೇ ನಿರ್ಧರಿಸಲಿ ಎಂಬುದು ಅವರ ವಿಚಾರ. ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಆಶ್ರಯದಲ್ಲಿ ಪಾಲ್ ರೆಸ್ನಿಕ್, ಜೇಮ್ಸ್ ಮಿಲ್ಲರ್ ಮೊದಲಾದವರು ರೂಪಿಸಿದ ಈ ವ್ಯವಸ್ಥೆಗೆ 'ಪಿಕ್ಸ್' ಎಂದು ಹೆಸರು. 1996ರ ಅಕ್ಟೋಬರಿನಲ್ಲಿ ಅದಕ್ಕೆ ಒಕ್ಕೂಟದ ಅಧಿಕೃತ ಶಿಫಾರಸಿನ ಮುದ್ರೆ ಬಿತ್ತು.

ಪಿಕ್ಸ್‌ನ ಜಾಣತನ ಇರುವುದು ಮೂರು ಕೆಲಸಗಳನ್ನು ಬಿಡಿಸಿ ನೋಡಿದ್ದರಲ್ಲಿ. ಅಳತೆಯ ಮಾನವನ್ನು ರೂಪಿಸುವವರು ಒಬ್ಬರು. ಆ ಮಾನದಿಂದ ಪುಟವನ್ನು ಅಳೆದು ಚೀಟಿ ಬರೆಯುವವರು ಇನ್ನೊಬ್ಬರು. ಚೀಟಿಯನ್ನು ಓದಿ ಒಳಗೆ ಬಿಡಬೇಕೋ ಬೇಡವೋ ಎಂದು ನಿಯಮ ಮಾಡುವವರು ಮತ್ತೊಬ್ಬರು. ಮಂಡಿಯಲ್ಲಿ ತೂಕದ ಬಟ್ಟು ಮಾಡುವವನು, ತೂಗುವವನು, ಕೊಳ್ಳುವವನು ಬೇರೆ ಬೇರೆ ಇರುವಂತೆಯೇ ಇದೂ. ಪಿಕ್ಸ್ ಸ್ವತಃ ಯಾವ ಪುಟವನ್ನೂ ಒಳ್ಳೆಯದು ಕೆಟ್ಟದ್ದು ಎನ್ನುವುದಿಲ್ಲ. ಚೀಟಿಯನ್ನು ಯಾವ ವ್ಯಾಕರಣದಲ್ಲಿ ಬರೆಯಬೇಕು ಎಂದಷ್ಟೇ ಹೇಳುತ್ತದೆ. ಚೀಟಿ ಮೂರು ದಾರಿಗಳಲ್ಲಿ ಬರಬಹುದಿತ್ತು: ಪುಟದ ತಲೆಭಾಗದಲ್ಲಿ 'ಮೆಟಾ' ಟ್ಯಾಗ್ ಆಗಿ, ಪುಟವನ್ನು ಕಳುಹಿಸುವ ಸರ್ವರ್ ಜೊತೆಗೆ ಸೇರಿಸುವ ಒಕ್ಕಣೆಯಾಗಿ, ಇಲ್ಲವೇ ಪುಟದ ಒಡೆಯನಿಗೆ ಸಂಬಂಧವೇ ಇಲ್ಲದ ಮೂರನೆಯ ಸಂಸ್ಥೆಯಿಂದ.

ಮಾನವನ್ನು ಒದಗಿಸಿದ್ದು ಮುಖ್ಯವಾಗಿ ಆರ್‌ಎಸ್‌ಎಸಿ ಎಂಬ ಸಂಸ್ಥೆ. 1994ರಲ್ಲಿ ಗಣಕ ಆಟಗಳಿಗೆ ಅಂಕ ಕೊಡಲೆಂದು ಅದು ಹುಟ್ಟಿತ್ತು. ಅಂತರಜಾಲಕ್ಕೆಂದು ಅದು ನಾಲ್ಕು ಬಾಬತ್ತುಗಳನ್ನು ಆರಿಸಿತು: ನಗ್ನತೆ, ಲೈಂಗಿಕತೆ, ಹಿಂಸೆ, ಭಾಷೆ. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಐದು ಮಟ್ಟಗಳು. ಹಿಂಸೆಯನ್ನೇ ತೆಗೆದುಕೊಂಡರೆ, 1 ಎಂದರೆ ಹೊಡೆದಾಟ, 2 ಕೊಲೆ, 3 ರಕ್ತಪಾತದೊಡನೆ ಕೊಲೆ, 4 ಕಾರಣವಿಲ್ಲದ ಕ್ರೌರ್ಯ. ತಾಣದ ಒಡೆಯ ಒಂದು ಪ್ರಶ್ನಾವಳಿಗೆ ಉತ್ತರ ತುಂಬಿದರೆ ಚೀಟಿ ಸಿದ್ಧ. ಅದೇ 1996ರಲ್ಲಿ ಹೊರಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ 3ನೇ ಆವೃತ್ತಿಯಲ್ಲಿ ಈ ಚೀಟಿಯನ್ನು ಓದುವ ಸೌಲಭ್ಯವೂ ಬಂತು. ತಂದೆಯೋ ತಾಯಿಯೋ ನಾಲ್ಕು ಬಾಬತ್ತಿಗೂ ಒಂದೊಂದು ಮಿತಿಯನ್ನು ಇಟ್ಟು, ಗುಪ್ತಪದ ಹಾಕಿ ಬೀಗ ಜಡಿಯಬಹುದಿತ್ತು.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ನಾಲ್ಕು ಬಾಬತ್ತು, ತಲಾ ಐದು ಮಟ್ಟ ಎಂದರೆ 5ರ ನಾಲ್ಕನೆಯ ಘಾತ, ಅಂದರೆ 625 ಬಗೆಯ ಚೀಟಿಗಳು ಸಾಧ್ಯ. ಇದನ್ನು ದ್ವಿಮಾನ ಪದ್ಧತಿಯಲ್ಲಿ ಬರೆಯಲು 10 ಬಿಟ್‌ಗಳು ಸಾಕು. ಕಥೆ, ಕವಿತೆ, ಯುದ್ಧದ ವರದಿ, ಪ್ರಸೂತಿಯ ಪಾಠ ಎಲ್ಲವನ್ನೂ 10 ಬಿಟ್‌ಗಳಲ್ಲಿ ಹಿಡಿದಿಡುವ ಸಾಹಸ! ಸಂಕ್ಷೇಪ ತಪ್ಪೇನಲ್ಲ, ಭೌತವಿಜ್ಞಾನಿಗಳು ಅನಿಲದ ಅಸಂಖ್ಯ ಅಣುಗಳ ಚಲನೆಯನ್ನು ಉಷ್ಣತೆ ಎಂಬ ಒಂದೇ ಸಂಖ್ಯೆಯಲ್ಲಿ ಹೇಳುತ್ತಾರೆ. ಆದರೆ ಆ ಸಂಖ್ಯೆ ಬೆಂಗಳೂರಿನಲ್ಲಿ ಅಳೆದರೂ ಬೀದರಿನಲ್ಲಿ ಅಳೆದರೂ ಒಂದೇ ಇರುತ್ತದೆ. ಹಿಂಸೆಯ ಅಂಕ ಹಾಗಿರುತ್ತದೆಯೆ?

ಅದನ್ನು ಹೋಲಿಸಬೇಕಾದದ್ದು ಉಷ್ಣಮಾಪಕದ ಜೊತೆಗಲ್ಲ, ಖನಿಜಗಳ ಕಾಠಿನ್ಯವನ್ನು ಹೇಳುವ ಮೋಹ್ಸ್ ಮಾನದ ಜೊತೆಗೆ. ಅದರಲ್ಲಿ ಬಳಪದ ಕಲ್ಲಿನ ಖನಿಜವಾದ ಟಾಲ್ಕಿಗೆ 1, ಪುಷ್ಯರಾಗಕ್ಕೆ 8, ಕುರುಂದಕ್ಕೆ 9, ವಜ್ರಕ್ಕೆ 10. ಯಾವುದು ಯಾವುದನ್ನು ಗೀರುತ್ತದೆ ಎಂಬ ಕ್ರಮವನ್ನಷ್ಟೇ ಇದು ತಿಳಿಸುತ್ತದೆ. ನಿಜವಾದ ಕಾಠಿನ್ಯವನ್ನು ಅಳೆದರೆ ಕುರುಂದ ಪುಷ್ಯರಾಗದ ಸುಮಾರು ಎರಡರಷ್ಟು, ವಜ್ರ ಕುರುಂದದ ಸುಮಾರು ನಾಲ್ಕರಷ್ಟು. ಮೆಟ್ಟಿಲುಗಳ ಎತ್ತರ ಸಮವಲ್ಲ. ಆರ್‌ಎಸ್‌ಎಸಿ ಅಂಕಗಳೂ ಹೀಗೆ ಕ್ರಮಸೂಚಕಗಳೇ. ಅವನ್ನು ಕೂಡುವಂತಿಲ್ಲ, ಸರಾಸರಿ ತೆಗೆಯುವಂತಿಲ್ಲ. ಕುರುಂದಕ್ಕಾದರೋ ಗೀರಿ ನೋಡುವ ಪರೀಕ್ಷೆ ಇದೆ; ಇಲ್ಲಿ ಅದೂ ಇಲ್ಲ.

ಇದರ ಪರಿಣಾಮ ನನ್ನ ತಾಣದಲ್ಲಿಯೇ ಕಾಣುತ್ತದೆ. ನ್ಯೂಕ್ಲಿಯರ್ ವಿದಳನದ ಟಿಪ್ಪಣಿಯ ಕೊನೆಗೆ ಹಿರೋಷಿಮಾದಲ್ಲಿ 1945ರ ಆಗಸ್ಟಿನಲ್ಲಿ ಸುಟ್ಟು ಗಾಯಗೊಂಡವರ ಎರಡು ಚಿತ್ರಗಳನ್ನು ಇಟ್ಟಿದ್ದೇನೆ. ಶೃಂಖಲಾ ಕ್ರಿಯೆಯ ಸಮೀಕರಣವನ್ನು ಕಲಿತವನು ಅದನ್ನೂ ನೋಡಬೇಕು ಎಂಬುದು ನನ್ನ ಹಠ. ಆರ್‌ಎಸ್‌ಎಸಿ ಮಾನದಲ್ಲಿ ಆ ಪುಟಕ್ಕೆ ಹಿಂಸೆಯ ಅಂಕ 3 ಬರುತ್ತದೆ. ಮೋಜಿಗಾಗಿ ತಲೆ ಕಡಿಯುವ ಗಣಕ ಆಟಕ್ಕೂ 3 ಬರುತ್ತದೆ. 1997ರಲ್ಲಿ ಅಮೆರಿಕದ ಸುದ್ದಿ ಸಂಸ್ಥೆಗಳು ಎದುರಿಸಿದ್ದೂ ಇದೇ ತೊಡಕನ್ನು. ಯುದ್ಧದ ವರದಿಗೆ ಹಿಂಸೆಯ ಅಂಕ ಹಾಕಿದರೆ ವರದಿಯೇ ಓದುಗನಿಗೆ ತಲಪುವುದಿಲ್ಲ. ಸುದ್ದಿಗೆ ವಿನಾಯಿತಿ ಕೊಡೋಣವೆಂದರೆ ಯಾವುದು ಸುದ್ದಿ ಎಂದು ಹೇಳುವವರು ಯಾರು? ಕೊನೆಗೆ ಅವು ತಮ್ಮ ಪುಟಗಳಿಗೆ ಅಂಕ ಹಾಕುವುದಿಲ್ಲವೆಂದು ಕೈಚೆಲ್ಲಿದವು. ಅದೇ ವರ್ಷ ನಾಗರಿಕ ಹಕ್ಕುಗಳ ಸಂಘಟನೆಯಾದ ಎಸಿಎಲ್‌ಯು ಹಾಗೂ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಇನ್ನೊಂದು ಅಪಾಯವನ್ನು ಎತ್ತಿ ತೋರಿಸಿದರು. ಮನೆಯ ಗಣಕದಲ್ಲಿ ಕೂರಬೇಕಾದ ಜರಡಿಯನ್ನು ಸಂಪರ್ಕ ಕೊಡುವ ಕಂಪನಿಯಲ್ಲೋ ದೇಶದ ಗಡಿಯಲ್ಲೋ ಕೂರಿಸಿದರೆ ತಡೆದದ್ದು ಯಾರು, ಏನನ್ನು ತಡೆದರು ಎಂಬುದು ಓದುಗನಿಗೆ ಗೊತ್ತೇ ಆಗದು.

ಚೀಟಿ ಇಲ್ಲದವರ ಗತಿ

ಪಿಕ್ಸ್ ಸೋತದ್ದಕ್ಕೆ ಈ ತಾತ್ತ್ವಿಕ ಆಕ್ಷೇಪಗಳಿಗಿಂತ ಸರಳವಾದ ಕಾರಣವೊಂದಿದೆ ಎಂದು ನನಗೆ ತೋರುತ್ತದೆ. ಚೀಟಿಯೇ ಇಲ್ಲದ ಪುಟವನ್ನು ಏನು ಮಾಡಬೇಕು? ಎಕ್ಸ್‌ಪ್ಲೋರರ್‌ನಲ್ಲಿ ಈ ಸೌಲಭ್ಯವನ್ನು ಚಾಲೂ ಮಾಡಿದರೆ, ನೀವಾಗಿ ಬದಲಿಸದ ಹೊರತು, ಚೀಟಿ ಇಲ್ಲದ ಎಲ್ಲ ಪುಟಗಳೂ ಬಂದ್. ಜಾಲದ ಬಹುಪಾಲು ಪುಟಗಳಿಗೆ ಚೀಟಿ ಇರಲಿಲ್ಲ. ಆದ್ದರಿಂದ ಒಂದು ಗಂಟೆಯೊಳಗೆ ತಂದೆತಾಯಿ ಬೇಸತ್ತು ಬೀಗವನ್ನು ತೆಗೆಯುತ್ತಿದ್ದರು. ಬೀಗ ಹಾಕುವವರು ಇಲ್ಲದಿದ್ದರೆ ಚೀಟಿ ಬರೆಯುವ ತೊಂದರೆಯನ್ನು ತಾಣದವರು ಏಕೆ ತೆಗೆದುಕೊಂಡಾರು? ಚೀಟಿ ಬರೆಯುವವರು ಇಲ್ಲದಿದ್ದರೆ ಬೀಗ ಹಾಕಿ ಏನು ಪ್ರಯೋಜನ? ಸ್ವಂತ ಪುಟ ಮಾಡುವವರಿಗಂತೂ ಇದು ಶುದ್ಧ ಹೆಚ್ಚುವರಿ ಕೆಲಸ. 1994ರಲ್ಲಿ ಶುರುವಾಗಿ 2009ರಲ್ಲಿ ಅಮೆರಿಕದ ಮಟ್ಟಿಗೆ ಮುಚ್ಚಿದ ಜಿಯೋಸಿಟೀಸ್ ಎಂಬ ಪುಕ್ಕಟೆ ತಾಣದಲ್ಲಿ ಲಕ್ಷಾಂತರ ಜನ ತಮ್ಮ ಬೆಕ್ಕಿನ ಚಿತ್ರ, ಅಂಚೆಚೀಟಿ ಸಂಗ್ರಹ, ಊರಿನ ಕಥೆ ಎಲ್ಲ ಹಾಕಿದ್ದರು. ಬೆಕ್ಕಿನ ಚಿತ್ರಕ್ಕೆ ನಾಲ್ಕು ಸೊನ್ನೆಗಳ ಚೀಟಿ ಬರೆಯುವ ವ್ಯವಧಾನ ಯಾರಿಗಿದ್ದೀತು?

1999ರಲ್ಲಿ ಆರ್‌ಎಸ್‌ಎಸಿ ಜಾಗದಲ್ಲಿ ಐಸಿಆರ್‌ಎ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಬಂತು. ಅದು ಮಟ್ಟಗಳ ಮಾನವನ್ನು ಬಿಟ್ಟು ಹೌದು-ಅಲ್ಲ ಪ್ರಶ್ನೆಗಳಿಗೆ ಇಳಿಯಿತು: ಪುಟದಲ್ಲಿ ರಕ್ತದ ಚಿತ್ರ ಇದೆಯೆ? ಅದು ಶೈಕ್ಷಣಿಕ, ವೈದ್ಯಕೀಯ ಅಥವಾ ಕಲಾತ್ಮಕ ಸಂದರ್ಭದಲ್ಲಿ ಇದೆಯೆ? ಇದು ದೊಡ್ಡ ಸುಧಾರಣೆ. ಎಷ್ಟು ಕೆಟ್ಟದ್ದು ಎಂಬ ತೀರ್ಪನ್ನು ಬಿಟ್ಟು ಏನಿದೆ ಎಂಬ ವರ್ಣನೆಗೆ ಬಂದಂತಾಯಿತು. ಆದರೂ ಚೀಟಿಗಳ ಸಂಖ್ಯೆ ಸಾಲದೇ ಹೋಯಿತು. 2009ರಲ್ಲಿ ವೆಬ್ ಒಕ್ಕೂಟ ಪಿಕ್ಸ್‌ಗೆ ಬದಲು ಪೌಡರ್ ಎಂಬ ಹೊಸ ಪದ್ಧತಿಯನ್ನು ತಂದಿತು, 2010ರಲ್ಲಿ ಐಸಿಆರ್‌ಎ ಚೀಟಿಗಳ ವಿತರಣೆಯೇ ನಿಂತಿತು.

ತಮಾಷೆಯೆಂದರೆ, 10 ಬಿಟ್‌ಗಳ ಚೀಟಿ ಸತ್ತ ಕಡೆ 1 ಬಿಟ್‌ನ ಚೀಟಿ ಬದುಕಿಕೊಂಡಿತು. 2006ರಲ್ಲಿ ವಯಸ್ಕರ ತಾಣಗಳ ಉದ್ಯಮದವರೇ ಸೇರಿ ಆರ್‌ಟಿಎ ಎಂಬ ಗುರುತನ್ನು ಚಾಲ್ತಿಗೆ ತಂದರು. ಎಲ್ಲ ತಾಣಗಳಿಗೂ ಒಂದೇ ಸಾಲು: ಆರ್‌ಟಿಎ-5042-1996-1400-1577-ಆರ್‌ಟಿಎ. ಇದ್ದರೆ ವಯಸ್ಕರಿಗೆ ಮಾತ್ರ, ಅಷ್ಟೆ. ಅದಕ್ಕೆ ಶುಲ್ಕವಿಲ್ಲ, ಪ್ರಶ್ನಾವಳಿಯೂ ಇಲ್ಲ. ಹುಡುಕು ಯಂತ್ರಗಳಲ್ಲಿ ಗೂಗಲ್ ಈ ಗುರುತನ್ನೂ, 'ರೇಟಿಂಗ್' ಎಂಬ ಮೆಟಾ ಟ್ಯಾಗಿನಲ್ಲಿ 'ಅಡಲ್ಟ್' ಎಂದು ಬರೆದದ್ದನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಇಲ್ಲಿ ಚೀಟಿ ಹಚ್ಚುವವನಿಗೆ ಲಾಭವಿದೆ. ಮಕ್ಕಳು ಅವನ ಗಿರಾಕಿಗಳಲ್ಲ, ಅವರು ಒಳಗೆ ಬಂದರೆ ಅವನಿಗೆ ತೊಂದರೆಯೇ. ವಯಸ್ಕರಿಗೆಂದೇ ಕಥೆ ಬರೆದು ತನ್ನ ತಾಣದಲ್ಲಿ ಇಡುವ ಲೇಖಕನಿಗೂ ಇದು ಸಾಕು.

ಯಂತ್ರವೇ ಓದಿ ತಿಳಿಯಲಿ ಎಂದರೆ?

ಚೀಟಿಯ ಗೊಡವೆ ಬೇಡ, ತಂತ್ರಾಂಶವೇ ಪುಟವನ್ನು ಓದಿ ತಡೆಯಲಿ ಎಂಬ ದಾರಿಯೂ ಆಗಲೇ ಇತ್ತು, ಈಗಲೂ ಇದೆ. ಇದರ ಮಿತಿಯನ್ನು ತರಗತಿಯಲ್ಲಿ ಸಂಭವನೀಯತೆಯ ಪಾಠದೊಡನೆ ಕಲಿಸಬಹುದು. 10,000 ಪುಟಗಳಲ್ಲಿ 100 ಪುಟಗಳು ನಿಜಕ್ಕೂ ಮಕ್ಕಳಿಗೆ ತಕ್ಕವಲ್ಲ ಎಂದಿಟ್ಟುಕೊಳ್ಳಿ. ತಂತ್ರಾಂಶ ಎರಡೂ ಕಡೆ ಶೇ. 95ರಷ್ಟು ಸರಿ ಎನ್ನೋಣ. ಪರೀಕ್ಷೆಯಲ್ಲಿ ಇಷ್ಟು ಅಂಕ ಬಂದರೆ ನಾವು ಬೆನ್ನು ತಟ್ಟುತ್ತೇವೆ. ಅದು 100ರಲ್ಲಿ 95ನ್ನು ಹಿಡಿಯುತ್ತದೆ. ಉಳಿದ 9,900 ನಿರಪರಾಧಿ ಪುಟಗಳಲ್ಲಿ ಶೇ. 5ನ್ನು, ಎಂದರೆ 495ನ್ನು, ತಪ್ಪಾಗಿ ತಡೆಯುತ್ತದೆ. ತಡೆದದ್ದು ಒಟ್ಟು 590, ಅವುಗಳಲ್ಲಿ ಶೇ. 84 ನಿರಪರಾಧಿಗಳು! ಸ್ತನ ಕ್ಯಾನ್ಸರಿನ ಮಾಹಿತಿ, ಹದಿಹರೆಯದ ಆರೋಗ್ಯ ಶಿಕ್ಷಣ ಇಂಥವೇ ಹೀಗೆ ಮೊದಲು ಬಲಿಯಾಗುವುದು. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರು ಎಒಎಲ್ ಸೇವೆಗೆ ಹೆಸರು ನೋಂದಾಯಿಸಲಾಗದೆ ಒದ್ದಾಡಿದರು. ಊರಿನ ಹೆಸರಿನ ನಡುವೆ ಒಂದು ಕೆಟ್ಟ ಪದದ ಅಕ್ಷರಗಳು ಅಕಸ್ಮಾತ್ತಾಗಿ ಸಾಲಾಗಿ ಕೂತಿದ್ದವು.

ಕನ್ನಡದ ಕಥೆ ಇದಕ್ಕೆ ತದ್ವಿರುದ್ಧ. ಯುನಿಕೋಡ್ ಬಳಕೆಗೆ ಬರುವ ಮೊದಲು ನಮ್ಮ ಪುಟಗಳೆಲ್ಲ ಬೇರೆ ಬೇರೆ ಫಾಂಟುಗಳ ಸಂಕೇತದಲ್ಲಿ ಇದ್ದವು. ಮನುಷ್ಯನಿಗೆ ಕನ್ನಡವಾಗಿ ಕಾಣುವುದು ಯಂತ್ರಕ್ಕೆ ಲ್ಯಾಟಿನ್ ಅಕ್ಷರಗಳ ಅರ್ಥವಿಲ್ಲದ ಸರಮಾಲೆ. ಆ ಮರೆಯಲ್ಲಿ ಯಾವ ಬೈಗುಳವೂ ಜರಡಿಗೆ ಸಿಗುತ್ತಿರಲಿಲ್ಲ.

ವಯಸ್ಸನ್ನು ಅಳೆಯುವ ಕಾಲ

ಈಚೆಗೆ ಕಾಯಿದೆಗಳ ಒತ್ತು ಪುಟವನ್ನು ಅಳೆಯುವುದರಿಂದ ನೋಡುವವನನ್ನು ಅಳೆಯುವುದಕ್ಕೆ ಸರಿದಿದೆ. ಬ್ರಿಟನ್ನಿನ 2023ರ ಆನ್‌ಲೈನ್ ಸುರಕ್ಷತಾ ಕಾಯಿದೆಯಂತೆ ಅಶ್ಲೀಲ ಚಿತ್ರಗಳ ತಾಣಗಳು 2025ರ ಜುಲೈ 25ರಿಂದ ಭೇಟಿ ಕೊಡುವವರ ವಯಸ್ಸನ್ನು ಖಚಿತಪಡಿಸಿಕೊಳ್ಳಬೇಕು. 'ನನಗೆ 18 ತುಂಬಿದೆ' ಎಂಬ ಗುಂಡಿಯನ್ನು ಒತ್ತಿಸಿಕೊಂಡರೆ ಸಾಲದು. ಟೆಕ್ಸಾಸಿನ ಇಂಥದೇ ಕಾಯಿದೆಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2025ರ ಜೂನ್ 27ರಂದು ಎತ್ತಿಹಿಡಿಯಿತು. ತಾಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಂಥ ಸಾಮಗ್ರಿ ಇರುವ ವಾಣಿಜ್ಯ ತಾಣಗಳಿಗೆ ಅದು ಅನ್ವಯ. ಮೂರನೇ ಒಂದು ಭಾಗ ಎಂದರೆ ಪುಟಗಳ ಲೆಕ್ಕವೋ, ಬೈಟುಗಳ ಲೆಕ್ಕವೋ? ಏಕಮಾನ ಬರೆಯದ ಉತ್ತರಕ್ಕೆ ನಾವು ಅಂಕ ಕೊಡುವುದಿಲ್ಲ!

ಮುಖ ನೋಡಿ ವಯಸ್ಸು ಊಹಿಸುವ ತಂತ್ರಾಂಶಗಳ ಸರಾಸರಿ ದೋಷ ಸುಮಾರು 3 ವರ್ಷ. ಗಡಿ 18 ಎಂದಿಟ್ಟರೆ 16ರ ಹುಡುಗ ಒಳಹೊಗಬಹುದು, 20ರ ಯುವತಿ ಹೊರಗೆ ಉಳಿಯಬಹುದು. ಅದಕ್ಕಾಗಿ ಗಡಿಯನ್ನು 20ಕ್ಕೋ 25ಕ್ಕೋ ಏರಿಸಿ, ಅದಕ್ಕಿಂತ ಕಿರಿಯರಾಗಿ ಕಂಡವರಿಂದ ದಾಖಲೆ ಕೇಳುವುದು ರೂಢಿ. ದೋಷದ ಅಗಲವನ್ನು ಒಪ್ಪಿಕೊಂಡು ಅಳತೆ ಮಾಡುವ ಈ ಕ್ರಮ ಒಳ್ಳೆಯದೇ. ಆದರೆ ಎಲ್ಲೋ ಒಂದು ಮೂಲೆಯ ಪುಟವನ್ನು ಓದಲು ಮುಖವನ್ನೂ ಗುರುತಿನ ಚೀಟಿಯನ್ನೂ ಒಪ್ಪಿಸಬೇಕಾಗುವುದು ನನಗೇನೋ ಸರಿಕಾಣದು.

ನಮ್ಮ ದೇಶದಲ್ಲಿ 2021ರ ಫೆಬ್ರವರಿಯ ಮಾಹಿತಿ ತಂತ್ರಜ್ಞಾನ ನಿಯಮಗಳು ಅಂತರಜಾಲದಲ್ಲಿ ಚಲನಚಿತ್ರ, ಧಾರಾವಾಹಿಗಳನ್ನು ಒದಗಿಸುವ ಪ್ರಕಾಶಕರಿಗೆ ಯು, ಯು/ಎ 7+, 13+, 16+, ಎ ಎಂಬ ವರ್ಗೀಕರಣವನ್ನು ಕಡ್ಡಾಯ ಮಾಡಿವೆ. ವ್ಯವಸ್ಥಿತ ವ್ಯಾಪಾರವಾಗಿ ಅಥವಾ ವೃತ್ತಿಯಾಗಿ ನಡೆಸದ ವ್ಯಕ್ತಿಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಹಾಗೆಂದು ಸ್ವಂತ ತಾಣ ಎಂದರೆ ಏನು ಬೇಕಾದರೂ ಹಾಕಬಹುದು ಎಂದಲ್ಲ. 2000ದ ಕಾಯಿದೆಯ 67ನೇ ಕಲಮಿನಂತೆ ಅಶ್ಲೀಲ ಸಾಮಗ್ರಿಯ ಪ್ರಕಟಣೆ ಎಲ್ಲರಿಗೂ ಅಪರಾಧ. ಪುಟದ ಮೇಲೆ 'ವಯಸ್ಕರಿಗೆ ಮಾತ್ರ' ಎಂದು ಬರೆದುಕೊಂಡರೆ ಅದರಿಂದ ರಕ್ಷಣೆ ಸಿಗುವುದಿಲ್ಲ.

ಎಚ್ಚರಿಕೆಯ ಮಾತು ಏನು ಮಾಡುತ್ತದೆ?

'ಮುಂದಿನ ಚಿತ್ರಗಳು ಮನಸ್ಸಿಗೆ ನೋವುಂಟು ಮಾಡಬಹುದು' ಎಂದು ಬರೆದರೆ ಓದುಗನಿಗೆ ಸಹಾಯವಾಗುತ್ತದೆ ಎಂಬುದು ಸಹಜವಾದ ನಂಬಿಕೆ. ಪ್ರಯೋಗಗಳು ಅಷ್ಟು ಉತ್ಸಾಹ ತೋರುವುದಿಲ್ಲ. 1996ರಲ್ಲಿ ಬುಷ್‌ಮನ್ ಮತ್ತು ಸ್ಟ್ಯಾಕ್ ಎಂಬ ಮನೋವಿಜ್ಞಾನಿಗಳು ಟಿ.ವಿ. ಕಾರ್ಯಕ್ರಮಗಳ ಎಚ್ಚರಿಕೆಗಳನ್ನು ಪರೀಕ್ಷಿಸಿದಾಗ, ಎಚ್ಚರಿಕೆ ಕಂಡವರಲ್ಲಿ ಹಿಂಸೆಯ ಕಾರ್ಯಕ್ರಮವನ್ನು ನೋಡುವ ಆಸೆ ಹೆಚ್ಚೇ ಆಯಿತು. ಬೇಡವೆಂದ ಹಣ್ಣೇ ರುಚಿ! 2023ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಅದುವರೆಗಿನ 12 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಎಚ್ಚರಿಕೆ ಓದಿದವರ ನೋವು ಕಡಿಮೆಯಾಗಲಿಲ್ಲ, ಅವರು ಆ ಸಾಮಗ್ರಿಯಿಂದ ದೂರ ಸರಿಯಲೂ ಇಲ್ಲ. ನೋಡುವ ಮೊದಲಿನ ಆತಂಕ ಮಾತ್ರ ಹೆಚ್ಚಿತು.

ಇದರಿಂದ ಎಚ್ಚರಿಕೆಯೇ ವ್ಯರ್ಥ ಎಂದು ನಾನು ತೀರ್ಮಾನಿಸಲಾರೆ. 'ನೋವಾಗಬಹುದು' ಎಂಬುದು ಮಾಹಿತಿಯಲ್ಲ, ಹೆದರಿಕೆ. 'ಸುಟ್ಟ ಗಾಯಗಳ ಎರಡು ಕಪ್ಪು-ಬಿಳುಪು ಚಿತ್ರಗಳು ಕೆಳಗಿವೆ' ಎಂಬುದು ಮಾಹಿತಿ. ಹಿರೋಷಿಮಾದ ಪುಟದಲ್ಲಿ ಈಗ ಎರಡನೆಯ ಬಗೆಯ ಸಾಲು ಇದೆ. ಚಿತ್ರಗಳು ಗುಂಡಿ ಒತ್ತಿದ ಮೇಲೆ ತೆರೆದುಕೊಳ್ಳುತ್ತವೆ. ಅವು ಯಾವ ವಯಸ್ಸಿಗೆ ಎಂದು ನಾನು ಬರೆದಿಲ್ಲ. ತನ್ನ ತರಗತಿಯನ್ನು ಬಲ್ಲ ಉಪಾಧ್ಯಾಯನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ಅಳೆಯಬಹುದಾದ ಒಂದು ಅಪಾಯ

ಸ್ಟ್ರೋಬ್ ಪುಟದ ವಿಷಯ ಹಾಗಲ್ಲ. ಇಲ್ಲಿ ಅಪಾಯಕ್ಕೆ ಏಕಮಾನವಿದೆ. ಅಪಸ್ಮಾರ ಇರುವವರಲ್ಲಿ ಸುಮಾರು ಶೇ. 3 ಜನರಿಗೆ ಮಿನುಗುವ ಬೆಳಕಿನಿಂದ ಸೆಳವು ಬರುತ್ತದೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಇದು ಹೆಚ್ಚು. ಸೆಕೆಂಡಿಗೆ 3ರಿಂದ 30 ಮಿನುಗುಗಳ ವ್ಯಾಪ್ತಿಯಲ್ಲಿ ಅಪಾಯವಿದ್ದು, 15ರಿಂದ 25ರ ಆಸುಪಾಸಿನಲ್ಲಿ ಅದು ಅತಿ ಹೆಚ್ಚು. 1997ರ ಡಿಸೆಂಬರ್ 16ರ ಸಂಜೆ ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಪ್ರಸಾರವಾಯಿತು. ಅದರ ಒಂದು ಸ್ಫೋಟದ ದೃಶ್ಯದಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಸಲ ಅದಲುಬದಲಾದವು. ಆ ರಾತ್ರಿ 685 ಮಂದಿಯನ್ನು, ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು.

ವೆಬ್ ಒಕ್ಕೂಟ 2008ರ ಡಿಸೆಂಬರಿನಲ್ಲಿ ಹೊರತಂದ ಸುಗಮ್ಯತೆಯ ಮಾರ್ಗಸೂಚಿಯಲ್ಲಿ ಇದಕ್ಕೆ ಖಚಿತವಾದ ಮಿತಿ ಇದೆ. ಯಾವುದೇ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಮಿನುಗು ಇರಬಾರದು. ಇದ್ದರೆ ಮಿನುಗುವ ಜಾಗ ಚಿಕ್ಕದಾಗಿರಬೇಕು. ಎಷ್ಟು ಚಿಕ್ಕದು? ನೋಟದ 10 ಡಿಗ್ರಿ ಕ್ಷೇತ್ರದ ಕಾಲುಭಾಗಕ್ಕಿಂತ ಕಡಿಮೆ. 50 ಸೆಂ.ಮೀ. ದೂರದಿಂದ ನೋಡುವಾಗ 10 ಡಿಗ್ರಿ ಎಂದರೆ 2 × 50 × ಟ್ಯಾನ್ 5°, ಸುಮಾರು 8.7 ಸೆಂ.ಮೀ. 1024 × 768 ಬಿಂದುಗಳ ತೆರೆಯಲ್ಲಿ ಅದನ್ನು 341 × 256 ಬಿಂದುಗಳ ಆಯತ ಎಂದು ಎಣಿಸಿದ್ದಾರೆ. ಅದರ ಕಾಲುಭಾಗ 21,824 ಬಿಂದುಗಳು. ಗಾಢ ಕೆಂಪು ಬಣ್ಣಕ್ಕೆ ಬೇರೆಯೇ ಕಟ್ಟುನಿಟ್ಟು.

ನನ್ನ ಪುಟವನ್ನು ಈ ಮಾನಕ್ಕೆ ಹಿಡಿದು ನೋಡಿದೆ. ತೆರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ನಾನು ಎರಡು ಚೌಕಟ್ಟು ಬಿಳಿ, ಎರಡು ಚೌಕಟ್ಟು ಕಪ್ಪು ಇಟ್ಟಿದ್ದೆ. ಎಂದರೆ 60 ÷ 4 = 15 ಮಿನುಗು! ಹುಡುಕಿ ಆರಿಸಿದ್ದರೂ ಇದಕ್ಕಿಂತ ಕೆಟ್ಟ ಸಂಖ್ಯೆ ಸಿಗುತ್ತಿರಲಿಲ್ಲವೇನೋ. ಸಾಲದ್ದಕ್ಕೆ ಕತ್ತಲೆ ಕೋಣೆ, ಗೋಡೆ ತುಂಬುವ ಪ್ರೊಜೆಕ್ಟರ್, ಮೊದಲ ಸಾಲಿನಲ್ಲಿ ಕುಳಿತ ಹುಡುಗಿ.

ಆ ಉಪಾಧ್ಯಾಯಿನಿ ಕೇಳಿದ ಒಂದು ಸಾಲನ್ನು ಬರೆದೆ. ಆದರೆ ಅದು ಆ ಹುಡುಗಿಯನ್ನು ಕಾಪಾಡುತ್ತಿರಲಿಲ್ಲ. 'ಅಪಸ್ಮಾರ ಇರುವವರು ನೋಡಬಾರದು' ಎಂಬ ಮಾತು ತನಗೆ ಅದು ಇದೆಯೆಂದು ಬಲ್ಲವರಿಗೆ ಮಾತ್ರ ಉಪಯೋಗ. ಮೊದಲ ಸಲ ಸೆಳವು ಬರುವವರೆಗೆ ಅವಳಿಗಾಗಲೀ ಅವಳ ತಾಯಿಗಾಗಲೀ ಅದು ಗೊತ್ತಿರಲಿಲ್ಲವಷ್ಟೆ. ಆದ್ದರಿಂದ ಪುಟವನ್ನೇ ಬದಲಿಸಿದೆ. ಈಗ ಮಿನುಗುವುದು 120 × 120 ಬಿಂದುಗಳ ಒಂದು ಚೌಕ ಮಾತ್ರ. 14,400 ಬಿಂದು, ಮಿತಿಯ ಒಳಗಿದೆ. ಬಿಳಿ-ಕಪ್ಪು ಬದಲು ಎರಡು ಹತ್ತಿರದ ಬೂದು ಬಣ್ಣಗಳು. ಪುಟ ತೆರೆದಾಗ ಚಕ್ರ ನಿಂತಿರುತ್ತದೆ, ಗುಂಡಿ ಒತ್ತಿದರೆ ಮಾತ್ರ ತಿರುಗುತ್ತದೆ. 2017ರಿಂದೀಚೆಗೆ ವೀಕ್ಷಕ ತಂತ್ರಾಂಶಗಳಲ್ಲಿ ಬಂದಿರುವ ಇನ್ನೊಂದು ಅನುಕೂಲವನ್ನೂ ಸೇರಿಸಿದ್ದೇನೆ. ಓದುಗ ತನ್ನ ಗಣಕದಲ್ಲೋ ಫೋನಿನಲ್ಲೋ 'ಚಲನೆ ಕಡಿಮೆ ಇರಲಿ' ಎಂದು ಒಮ್ಮೆ ಆರಿಸಿಟ್ಟರೆ ಪುಟಕ್ಕೆ ಅದು ತಿಳಿಯುತ್ತದೆ. ಅಂಥವರಿಗೆ ನನ್ನ ಪುಟ ಬಿಡಿ ಚಿತ್ರಗಳ ಸಾಲನ್ನು ತೋರಿಸುತ್ತದೆ. ಓದುಗನ ಹೆಸರು, ವಯಸ್ಸು, ಕಾಯಿಲೆ ಯಾವುದೂ ನನಗೆ ಗೊತ್ತಾಗುವುದಿಲ್ಲ. ಪಿಕ್ಸ್ ಮಾಡಹೊರಟದ್ದು ಇದನ್ನೇ, ಬೇರೆ ಬಾಗಿಲಿನಿಂದ.

ಉಪಾಧ್ಯಾಯರು ಯಾವುದೇ ಚಲಿಸುವ ಚಿತ್ರವನ್ನು ತರಗತಿಗೆ ಒಯ್ಯುವ ಮೊದಲು ಹೀಗೆ ಪರೀಕ್ಷಿಸಬಹುದು. ಈಗಿನ ಅನೇಕ ಫೋನುಗಳಲ್ಲಿ ನಿಧಾನಗತಿಯ ಚಿತ್ರೀಕರಣದ ಸೌಲಭ್ಯವಿದ್ದು, ಸೆಕೆಂಡಿಗೆ 240 ಚೌಕಟ್ಟುಗಳನ್ನು ಹಿಡಿಯುತ್ತದೆ. ಗಣಕದ ತೆರೆಯನ್ನು ಅದರಲ್ಲಿ ಚಿತ್ರೀಕರಿಸಿ, ಒಂದು ಮಿನುಗಿನಿಂದ ಮುಂದಿನದಕ್ಕೆ ಎಷ್ಟು ಚೌಕಟ್ಟು ಎಂದು ಎಣಿಸಿ. 16 ಬಂದರೆ ಸೆಕೆಂಡಿಗೆ 15 ಮಿನುಗು, ನನ್ನ ಹಳೆಯ ಪುಟದಂತೆ. 80ಕ್ಕಿಂತ ಕಡಿಮೆ ಬಂದರೆ ಮೂರರ ಮಿತಿ ದಾಟಿತು. ಅದನ್ನು ಪ್ರೊಜೆಕ್ಟರಿಗೆ ಹಾಕಬೇಡಿ, ಚಿಕ್ಕ ಕಿಟಕಿಯಲ್ಲಿ, ದೀಪ ಹಚ್ಚಿದ ಕೋಣೆಯಲ್ಲಿ ತೋರಿಸಿ. ಯಾವುದೇ ಮಗುವಿಗೆ ಕಣ್ಣು ಕೋರೈಸಿದಂತಾದರೆ ಎರಡೂ ಕಣ್ಣು ಮುಚ್ಚಲು ಹೇಳುವುದಕ್ಕಿಂತ ಅಂಗೈಯಿಂದ ಒಂದು ಕಣ್ಣನ್ನು ಪೂರ್ತಿ ಮುಚ್ಚಿಕೊಂಡು ಬೇರೆಡೆ ತಿರುಗಲು ಹೇಳಿ. ರೆಪ್ಪೆಗಳ ಮೂಲಕವೂ ಮಿನುಗು ಒಳಗೆ ಹೋಗುತ್ತದೆ. ಒಂದು ಕಣ್ಣಿಗೆ ಬೆಳಕು ಪೂರ್ತಿ ತಪ್ಪಿದರೆ ಮಿದುಳಿನಲ್ಲಿ ಕೆರಳುವ ನರಕೋಶಗಳ ಸಂಖ್ಯೆ ಇಳಿಯುತ್ತದೆ.